ಸೊನ್ನೆ ಎಲ್ಲಿದೆ? ಮೆಡೋಸ್ ಟೇಲರ್ ಅವರ ಜೀವನ ಮತ್ತು ಒಂದು ನಿರ್ದೇಶಾಂಕ ಪಾಠ

ಒಂಬತ್ತನೇ ತರಗತಿಗೆ ನಿರ್ದೇಶಾಂಕ ರೇಖಾಗಣಿತದ ಪಾಠ ಯೋಜನೆ ಬರೆಯುವಾಗ ಪ್ರೇರಣಾ ಹಂತದಲ್ಲಿ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ರೆನೆ ಡೆಕಾರ್ಟ್ ಅವರ ಹೆಸರು ಹಾಕುತ್ತೇವೆ. ಎರಡು ಸಂಖ್ಯೆಗಳಿಂದ ಒಂದು ಬಿಂದುವಿನ ಸ್ಥಾನ ಹೇಳುವ ವಿಧಾನಕ್ಕೆ 1637ರ ಅವರ ಗ್ರಂಥ ದಾರಿ ಮಾಡಿಕೊಟ್ಟಿತು, ಆದ್ದರಿಂದ ಅದು ಸರಿಯೇ. ರಂಗಂಪೇಟೆಯಲ್ಲಿ ಬೋಧನಾಭ್ಯಾಸ ಮಾಡಿದಾಗ ನಾನು ಆ ಜಾಗದಲ್ಲಿ ಬೇರೊಬ್ಬರನ್ನು ಇಟ್ಟೆ. ಅವರು ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ಟೇಲರ್ ಗಣಿತಜ್ಞರಲ್ಲ. ಆದರೆ ಯಾದಗಿರಿ ಜಿಲ್ಲೆಯ ನೆಲದ ಮೇಲೆ ಸಾಲು ಸಾಲಾಗಿ ನಿಂತ ಪುರಾತನ ಕಲ್ಲುಗಳನ್ನು ಗಮನವಿಟ್ಟು ನೋಡಿ, ಅವುಗಳ ಜೋಡಣೆಯನ್ನು ಬರೆದಿಟ್ಟು ಲೋಕಕ್ಕೆ ತಿಳಿಸಿದವರು ಅವರು.

ರಂಗಂಪೇಟೆ ಸುರಪುರಕ್ಕೆ ಹೊಂದಿಕೊಂಡ ಊರು. ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಇಲ್ಲಿನ ಮಕ್ಕಳಿಗೆ ಗೊತ್ತು. ರಾಜಾ ವೆಂಕಟಪ್ಪ ನಾಯಕರು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತದ್ದೂ ಗೊತ್ತು. ಈ ಎರಡರ ನಡುವೆ ನಿಂತ ಟೇಲರ್ ಎಂಥವರು ಎಂಬುದು ಮಾತ್ರ ಅಷ್ಟು ಸ್ಪಷ್ಟವಿಲ್ಲ. ಅವರ ಜೀವನವನ್ನು ಗಣಿತ ತರಗತಿಗೆ ತಂದರೆ ಈ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ತಿಳಿದಿತ್ತು. ಅದಕ್ಕಾಗಿಯೇ ಅವರ ಕಥೆಯನ್ನು ಪೂರ್ತಿ ಓದಿಕೊಂಡು ಹೋದೆ.

ಪಾಠದ ಉಪಕರಣ

ಮೊದಲು ಉಪಕರಣದ ವಿಷಯ. ಮೈಕ್ರೋಬಿಟ್ ಎಂಬ ಪುಟ್ಟ ಫಲಕದ ಮುಖದ ಮೇಲೆ 25 ಎಲ್‌ಇಡಿ ದೀಪಗಳಿವೆ. 5 ಅಡ್ಡಸಾಲು, 5 ಕಂಬಸಾಲು. ಪ್ರತಿ ದೀಪಕ್ಕೂ ಎರಡು ಸಂಖ್ಯೆಯ ವಿಳಾಸ. ಮೊದಲನೆಯದು ಎಕ್ಸ್, ಎಡದಿಂದ ಬಲಕ್ಕೆ 0ಯಿಂದ 4ರವರೆಗೆ. ಎರಡನೆಯದು ವೈ, ಮೇಲಿನಿಂದ ಕೆಳಕ್ಕೆ 0ಯಿಂದ 4ರವರೆಗೆ. ಮೇಕ್‌ಕೋಡ್ ತಂತ್ರಾಂಶದಲ್ಲಿ ಪ್ಲಾಟ್ ಎಂಬ ಆದೇಶದ ಮುಂದೆ 2, 3 ಎಂದು ಕೊಟ್ಟರೆ ಎಡದಿಂದ ಮೂರನೆಯ ಕಂಬಸಾಲು ಮತ್ತು ಮೇಲಿನಿಂದ ನಾಲ್ಕನೆಯ ಅಡ್ಡಸಾಲು ಸೇರುವಲ್ಲಿನ ಒಂದೇ ದೀಪ ಹೊತ್ತುತ್ತದೆ. ಅನ್‌ಪ್ಲಾಟ್ ಎಂದರೆ ಅದೇ ದೀಪ ಆರುತ್ತದೆ. ಫಲಕ ಇಲ್ಲದಿದ್ದರೂ ಲ್ಯಾಪ್‌ಟಾಪಿನ ಪರದೆಯ ಮೇಲೆ ಅದರ ಅನುಕರಣೆ ಓಡಿಸಬಹುದು.

ಇಂಥ ದೀಪದ ಜಾಲಗಳ ಒಳಗೆ ಪ್ರತಿ ದೀಪಕ್ಕೂ ಬೇರೆ ತಂತಿ ಇರಬೇಕಿಲ್ಲ. ಪ್ರತಿ ಅಡ್ಡಸಾಲಿಗೆ ಒಂದು, ಪ್ರತಿ ಕಂಬಸಾಲಿಗೆ ಒಂದು ಎಂದರೆ 25 ದೀಪಗಳಿಗೆ 10 ತಂತಿ ಸಾಕು. ಎರಡು ತಂತಿಗಳು ಸೇರುವಲ್ಲಿ ದೀಪ ಇರುತ್ತದೆ. ಸಾಲುಗಳನ್ನು ಒಂದಾದ ಮೇಲೊಂದರಂತೆ ಅತಿ ವೇಗವಾಗಿ ಬೆಳಗಿಸುವುದರಿಂದ ನಮ್ಮ ಕಣ್ಣಿಗೆ ಎಲ್ಲವೂ ಒಟ್ಟಿಗೆ ಉರಿದಂತೆ ಕಾಣುತ್ತದೆ. ನಿರ್ದೇಶಾಂಕ ಎಂಬುದು ಪುಸ್ತಕದಲ್ಲಿ ಬರೆದ ಜೋಡಿ ಸಂಖ್ಯೆ ಮಾತ್ರವಲ್ಲ, ತಂತಿಯಲ್ಲಿಯೂ ಅದೇ ಇದೆ ಎಂದು ಇದರಿಂದ ಮಕ್ಕಳಿಗೆ ತೋರಿಸಬಹುದು.

ಈ ಫಲಕಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಹೋಲಿಕೆ ಇದೆ. ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಬಯಲಿನಲ್ಲಿ ದೊಡ್ಡ ಗುಂಡುಕಲ್ಲುಗಳನ್ನು ಯಾರೋ ಬಹು ಹಿಂದೆ ಸಾಲು ಹಿಡಿದು ಇಟ್ಟಿದ್ದಾರೆ. ಇಂಥ ಜೋಡಣೆಯನ್ನು ಪುರಾತತ್ವಜ್ಞರು ಬೃಹತ್ ಶಿಲಾಯುಗದ ಸ್ಮಾರಕಗಳ ಸಾಲಿನಲ್ಲಿ ಸೇರಿಸುತ್ತಾರೆ. ಟೇಲರ್ ಅವರ ಬದುಕು ಈ ಕಲ್ಲುಗಳ ಹತ್ತಿರ ಹೇಗೆ ಬಂತು ಎಂಬುದನ್ನು ಈಗ ಹೇಳುತ್ತೇನೆ.

ಹದಿನೈದರ ಹುಡುಗ

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ತಂದೆ ವ್ಯಾಪಾರಿ. ವ್ಯಾಪಾರ ಕೈಕೊಟ್ಟಿದ್ದರಿಂದ ಮಗನ ಓದು ಮುಂದುವರಿಯಲಿಲ್ಲ. 1824ರಲ್ಲಿ, ಹದಿನೈದನೇ ವಯಸ್ಸಿನಲ್ಲಿ, ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿ ಗುಮಾಸ್ತನಾಗಲು ಅವರನ್ನು ಹಡಗು ಹತ್ತಿಸಿದರು. ಅಂದರೆ ನಮ್ಮ ಹತ್ತನೇ ತರಗತಿಯ ಹುಡುಗನ ವಯಸ್ಸು. ಇಲ್ಲಿಗೆ ಬಂದು ನೋಡಿದರೆ ಆ ವ್ಯಾಪಾರಿಯ ಸ್ಥಿತಿಯೂ ಚೆನ್ನಾಗಿರಲಿಲ್ಲ. ಸಂಬಂಧಿಕರೊಬ್ಬರ ನೆರವಿನಿಂದ ಅದೇ ವರ್ಷ ಹೈದರಾಬಾದ್ ನಿಜಾಮರ ಸೇನೆಯಲ್ಲಿ ಕೆಲಸ ಸಿಕ್ಕಿತು.

ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೆ ಸಿಗುತ್ತಿದ್ದ ತರಬೇತಿ ಟೇಲರ್ ಅವರಿಗೆ ಸಿಗಲಿಲ್ಲ. ಬೇಕಾದದ್ದನ್ನೆಲ್ಲ ತಾವೇ ಕಲಿತರು. ಇಲ್ಲಿನ ಭಾಷೆಗಳು, ಕಾನೂನು, ಭೂಮಾಪನ, ಎಂಜಿನಿಯರಿಂಗ್, ಭೂವಿಜ್ಞಾನ, ಸಸ್ಯಶಾಸ್ತ್ರ, ಚಿತ್ರಕಲೆ, ಹೀಗೆ ಆ ಪಟ್ಟಿ ಉದ್ದ. ಮಕ್ಕಳಿಗೆ ಈ ಭಾಗ ಹೇಳುವಾಗ ನಾನು ಒಂದನ್ನು ಒತ್ತಿ ಹೇಳಿದೆ. ಶಾಲೆ ಅರ್ಧಕ್ಕೆ ನಿಂತ ಹುಡುಗ ಕಲಿಕೆ ನಿಲ್ಲಿಸಲಿಲ್ಲ. ಕೆಲಸ ಕೇಳಿದ ವಿದ್ಯೆಯನ್ನು ಕೆಲಸದ ನಡುವೆಯೇ ಸಂಪಾದಿಸಿದ.

ಕೆಲವು ಕಾಲ ಅವರು ಪೊಲೀಸ್ ಕೆಲಸ ನೋಡಿಕೊಂಡರು. ಆಗ ದಾರಿಹೋಕರನ್ನು ಕೊಲ್ಲುತ್ತಿದ್ದ ಠಕ್ಕರ ವಿಷಯ ತಿಳಿದುಕೊಂಡು, ಅದನ್ನು ಆಧರಿಸಿ 1839ರಲ್ಲಿ ಒಬ್ಬ ಠಕ್ಕನ ತಪ್ಪೊಪ್ಪಿಗೆಯ ರೂಪದ ಕಾದಂಬರಿ ಪ್ರಕಟಿಸಿದರು. ಆ ಪುಸ್ತಕ ಇಂಗ್ಲೆಂಡಿನಲ್ಲಿ ಅವರಿಗೆ ದೊಡ್ಡ ಹೆಸರು ತಂದಿತು. ಮರುವರ್ಷ ಟಿಪ್ಪು ಸುಲ್ತಾನರ ಕಾಲದ ಕಾದಂಬರಿ ಬಂತು. ಲಂಡನ್ನಿನ ಟೈಮ್ಸ್ ಪತ್ರಿಕೆಗೂ ಹಲವು ವರ್ಷ ಬರೆದರು.

ಸುರಪುರಕ್ಕೆ ಬಂದದ್ದು

ಸುರಪುರ ಬೇಡ ನಾಯಕರ ಸಂಸ್ಥಾನ. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡ ಮೇಲೆ ರಾಣಿ ಈಶ್ವರಮ್ಮ ಒಂದು ಕಡೆ, ರಾಜರ ತಮ್ಮ ಪಿಡ್ಡ ನಾಯಕರು ಇನ್ನೊಂದು ಕಡೆ ಆಗಿ ಅಧಿಕಾರದ ಜಗಳ ಎದ್ದಿತು. ಮಗ ವೆಂಕಟಪ್ಪ ಇನ್ನೂ ಚಿಕ್ಕ ಬಾಲಕ. ಇದನ್ನು ಬಗೆಹರಿಸಲು 1841ರಲ್ಲಿ ಟೇಲರ್ ಅವರನ್ನು ಇಲ್ಲಿಗೆ ಕಳುಹಿಸಲಾಯಿತು. 1853ರವರೆಗೆ ಅವರು ಇಲ್ಲಿಯೇ ಉಳಿದರು. ಸಂಸ್ಥಾನದ ಆಡಳಿತ, ಲೆಕ್ಕಪತ್ರ, ಸಾಲದ ತೀರುವಳಿ ಎಲ್ಲವೂ ಅವರ ಕೈಯಲ್ಲಿತ್ತು. ಬೋನಾಳ ಕೆರೆಯ ಕಾಮಗಾರಿಯನ್ನು ಇಂದಿಗೂ ಅವರ ಹೆಸರಿನೊಂದಿಗೆ ನೆನೆಯುತ್ತಾರೆ.

ಹೈದರಾಬಾದಿನ ವಿಲಿಯಂ ಪಾಮರ್ ಅವರ ಮಗಳು ಮೇರಿಯನ್ನು ಟೇಲರ್ ಮದುವೆಯಾಗಿದ್ದರು. ಸುರಪುರಕ್ಕೆ ಬಂದ ಕೆಲವೇ ವರ್ಷಗಳಲ್ಲಿ, 1844ರಲ್ಲಿ, ಆಕೆ ತೀರಿಕೊಂಡರು. ಆಮೇಲಿನ ವರ್ಷಗಳಲ್ಲಿ ಬಾಲರಾಜನ ಪಾಲನೆ, ಆಡಳಿತ, ಓದು ಮತ್ತು ಬಿಡುವಿನಲ್ಲಿ ಸುತ್ತಲಿನ ಊರುಗಳ ತಿರುಗಾಟ ಅವರ ಜೀವನವಾಯಿತು. ಬಾಲಕ ವೆಂಕಟಪ್ಪ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದನು.

ಕಲ್ಲುಗಳ ಲೆಕ್ಕ

ಈ ತಿರುಗಾಟದಲ್ಲಿಯೇ ಟೇಲರ್ ಪುರಾತನ ಕಲ್ಲುಗಳನ್ನು ಕಂಡರು. ಸುರಪುರ ಸೀಮೆಯ ರಾಜನಕೋಳೂರಿನಲ್ಲಿ ಚಪ್ಪಡಿ ಕಲ್ಲು ನಿಲ್ಲಿಸಿ ಮೇಲೆ ಇನ್ನೊಂದು ಚಪ್ಪಡಿ ಹೊದಿಸಿದ ಮನೆಯಂಥ ಸಮಾಧಿಗಳಿವೆ. ನಮ್ಮ ಕಡೆ ಇಂಥವನ್ನು ಮೋರೇರ ಮನೆ ಎನ್ನುತ್ತಾರೆ. ಭೀಮಾ ತೀರದ ಜೇವರ್ಗಿ ಕಡೆ ಕಲ್ಲಿನ ವೃತ್ತಗಳಿದ್ದವು. ವಿಭೂತಿಹಳ್ಳಿಯಲ್ಲಿ ಸಾಲುಗಲ್ಲುಗಳಿದ್ದವು. ದಾರಿಯಲ್ಲಿ ಹೋಗುವ ಅಧಿಕಾರಿಗಳು ನೋಡಿ ಮುಂದೆ ಹೋಗಬಹುದಾಗಿದ್ದ ಈ ಸ್ಥಳಗಳಲ್ಲಿ ಟೇಲರ್ ನಿಂತರು. ಅಳೆದರು, ಚಿತ್ರ ಬರೆದರು, ಸಮಾಧಿಗಳನ್ನು ಅಗೆಸಿದರು.

ಅಗೆಸುವಾಗ ಅವರು ಒಳಗೆ ಸಿಕ್ಕ ಮಡಕೆ, ಮೂಳೆ, ಕಬ್ಬಿಣವನ್ನು ಎತ್ತಿಕೊಂಡು ಸುಮ್ಮನಾಗಲಿಲ್ಲ. ಗುಂಡಿಯನ್ನು ಅಡ್ಡ ಕೊಯ್ದು ನೋಡಿದಂತೆ, ಯಾವ ಪದರದಲ್ಲಿ ಯಾವ ವಸ್ತು ಇತ್ತು ಎಂದು ಚಿತ್ರದಲ್ಲಿ ತೋರಿಸಿದರು. ಆ ಕಾಲಕ್ಕೆ ಇದು ಅಪರೂಪದ ಶಿಸ್ತು. ಸುಮಾರು ನೂರು ವರ್ಷಗಳ ನಂತರ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ಮಾಡಿಸಿದ ಮಾರ್ಟಿಮರ್ ವ್ಹೀಲರ್ ಈ ಚಿತ್ರಗಳನ್ನು ಮೆಚ್ಚಿಕೊಂಡರು. 1950ರ ದಶಕದಲ್ಲಿ ಎಫ್. ಆರ್. ಆಲ್ಚಿನ್ ಈ ಭಾಗದ ಸಾಲುಗಲ್ಲುಗಳನ್ನು ಮತ್ತೆ ಅಧ್ಯಯನ ಮಾಡಿದಾಗಲೂ ಟೇಲರ್ ಹಾಕಿಕೊಟ್ಟ ದಾರಿ ಮುಂದಿತ್ತು.

ತರಗತಿಯಲ್ಲಿ ಇದೇ ಜಾಗಕ್ಕೆ ಬಂದಾಗ ನಾನು ಫಲಕವನ್ನು ಕೈಗೆ ತೆಗೆದುಕೊಂಡೆ. ಕಲ್ಲಿನ ಬಯಲಿನ ಒಂದು ಚಿಕ್ಕ ತುಂಡನ್ನು 25 ದೀಪವೆಂದು ಭಾವಿಸೋಣ ಎಂದೆ. ಮೊದಲು ಎಲ್ಲ ದೀಪ ಹೊತ್ತಿಸಿದೆವು. ಉಳುಮೆಯಲ್ಲೋ ರಸ್ತೆ ಕೆಲಸದಲ್ಲೋ ಒಂದು ಕಲ್ಲು ಹೋಗಿದೆ ಎಂದುಕೊಂಡು (3, 1) ಎಂಬ ವಿಳಾಸದ ದೀಪ ಆರಿಸಿದೆವು. ಯಾವ ಕಲ್ಲು ಹೋಯಿತು ಎಂದು ಹೇಳಲು ವಿಳಾಸ ಮೊದಲೇ ಬರೆದಿರಬೇಕು ಎಂಬುದು ಮಕ್ಕಳಿಗೆ ತಾನಾಗಿಯೇ ಹೊಳೆಯಿತು. ಬರೆದಿರದಿದ್ದರೆ ಕಲ್ಲು ಹೋದದ್ದೇ ತಿಳಿಯುವುದಿಲ್ಲ. ಅಳತೆ ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಸರಳ ಉತ್ತರ ನನಗೆ ಸಿಕ್ಕಿಲ್ಲ.

ಆಮೇಲೆ ಎಕ್ಸ್ ಮತ್ತು ವೈ ಎರಡೂ ಸಮ ಇರುವ ದೀಪಗಳನ್ನು ಹೊತ್ತಿಸಿದೆವು: (0, 0), (1, 1), (2, 2), (3, 3), (4, 4). ಓರೆಯಾದ ಗೆರೆ ಬಂತು. ಅಡ್ಡ ಮತ್ತು ಉದ್ದ ಸಾಲುಗಳಲ್ಲಿ ಇಟ್ಟ ಕಲ್ಲುಗಳು ಓರೆಯಾಗಿ ನೋಡಿದರೂ ಸಾಲಾಗಿಯೇ ಏಕೆ ಕಾಣುತ್ತವೆ ಎಂಬುದು ಇದರಿಂದ ಗೊತ್ತಾಗುತ್ತದೆ. ಆದರೆ ಆ ಗೆರೆ ಎಡಗಡೆಯ ಮೇಲಿನ ಮೂಲೆಯಿಂದ ಬಲಗಡೆಯ ಕೆಳಮೂಲೆಗೆ ಇಳಿದಿತ್ತು. ಪಠ್ಯಪುಸ್ತಕದ ಗ್ರಾಫಿನಲ್ಲಿ ಇದೇ ಬಿಂದುಗಳು ಕೆಳಗಿನಿಂದ ಮೇಲೆ ಏರುತ್ತವೆ. ಎರಡರಲ್ಲಿ ಯಾವುದು ಸರಿ ಎಂದು ಮಕ್ಕಳು ಕೇಳಿದರು.

ಎರಡೂ ಸರಿ. ಸೊನ್ನೆ ಇಟ್ಟ ಜಾಗ ಬೇರೆ, ಅಷ್ಟೇ. ಫಲಕದ ಮೂಲಬಿಂದು ಮೇಲಿನ ಎಡಮೂಲೆಯಲ್ಲಿದೆ, ಗ್ರಾಫಿನದು ಕೆಳಗಿದೆ. ಫಲಕದ ವೈ ಬೆಲೆಯನ್ನು 4ರಿಂದ ಕಳೆದರೆ ಗ್ರಾಫಿನ ವೈ ಸಿಗುತ್ತದೆ. ಫಲಕದ (1, 0) ಗ್ರಾಫಿನಲ್ಲಿ (1, 4). ದೀಪ ಅಲ್ಲಾಡುವುದಿಲ್ಲ, ಅದರ ಹೆಸರು ಬದಲಾಗುತ್ತದೆ.

ಟೇಲರ್ ಇಟ್ಟ ಸೊನ್ನೆ

ಈ ಮಾತು ಟೇಲರ್ ಅವರ ಬದುಕಿಗೂ ಅನ್ವಯಿಸುತ್ತದೆ. ತಾವು ಕಂಡ ಕಲ್ಲುಗಳ ವಿಷಯವನ್ನು ಅವರು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1850ರ ದಶಕದಲ್ಲಿ, ಮುಂದೆ 1860ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಐರಿಷ್ ಅಕಾಡೆಮಿಯ ಮೂಲಕ ಪ್ರಕಟಿಸಿದರು. ಬ್ರಿಟನ್ ಮತ್ತು ಐರ್ಲೆಂಡಿನಲ್ಲೂ ಇಂಥ ಕಲ್ಲಿನ ವೃತ್ತ, ಕಲ್ಲಿನ ಸಮಾಧಿಗಳಿವೆ. ಹೋಲಿಕೆ ಕಂಡ ಟೇಲರ್ ಇಲ್ಲಿಯ ಕಲ್ಲುಗಳನ್ನು ನೆಟ್ಟವರೂ ಸೆಲ್ಟಿಕ್ ಅಥವಾ ಸಿಥಿಯನ್ ಮೂಲದವರಿರಬೇಕು ಎಂಬ ತೀರ್ಮಾನಕ್ಕೆ ಬಂದರು. ತಮ್ಮ ನಾಡನ್ನು ಮೂಲಬಿಂದುವಾಗಿ ಇಟ್ಟುಕೊಂಡು ಸುರಪುರವನ್ನು ಅಲ್ಲಿಂದ ಎಣಿಸಿದರು ಎನ್ನಬಹುದು.

ಆ ವಾದ ಉಳಿಯಲಿಲ್ಲ. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳು ಬಹುಮಟ್ಟಿಗೆ ಕಬ್ಬಿಣ ಯುಗದವು, ಈ ನೆಲದಲ್ಲಿಯೇ ಬಾಳಿದ ಜನರವು ಎಂದು ಮುಂದಿನ ಅಧ್ಯಯನಗಳು ತಿಳಿಸಿದವು. ಆದರೆ ಟೇಲರ್ ಬರೆದ ಅಳತೆ ಮತ್ತು ಚಿತ್ರಗಳು ಉಳಿದವು. ಏಕೆ? ಅವರು ಕಂಡದ್ದನ್ನು ಕಂಡ ಹಾಗೆ ಬರೆದು, ಊಹೆಯನ್ನು ಅದರ ಪಕ್ಕದಲ್ಲಿ ಇಟ್ಟರು. ಊಹೆಯನ್ನು ತೆಗೆದು ಹಾಕಿದರೂ ದಾಖಲೆ ಕೆಡಲಿಲ್ಲ. ವಿಜ್ಞಾನದ ಪ್ರಯೋಗ ಪುಸ್ತಕದಲ್ಲಿ ವೀಕ್ಷಣೆ ಒಂದು ಕಾಲಂ, ತೀರ್ಮಾನ ಇನ್ನೊಂದು ಕಾಲಂ ಎಂದು ನಾವು ಏಕೆ ಹಟ ಹಿಡಿಯುತ್ತೇವೆ ಎಂಬುದಕ್ಕೆ ಇದು ನಮ್ಮ ತಾಲೂಕಿನದೇ ಉದಾಹರಣೆ.

1858

1853ರಲ್ಲಿ ವೆಂಕಟಪ್ಪ ನಾಯಕರಿಗೆ ಅಧಿಕಾರ ಬಂತು, ಟೇಲರ್ ಸುರಪುರ ಬಿಟ್ಟರು. ಆ ವರ್ಷದ ಒಪ್ಪಂದದಂತೆ ನಿಜಾಮರು ಕಂಪನಿಗೆ ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ನಳದುರ್ಗ ಸೀಮೆಯ ಹೊಣೆ ಅವರಿಗೆ ಸಿಕ್ಕಿತು. ಅಲ್ಲಿ ಹಳ್ಳಿ ಹಳ್ಳಿಯ ಭೂಮಿ ಅಳೆಸಿ ಕಂದಾಯ ಗೊತ್ತುಮಾಡುವ ಕೆಲಸ ಮಾಡಿದರು. 1857ರ ದಂಗೆಯ ಹೊತ್ತಿಗೆ ಅವರನ್ನು ಬೇರಾರಿಗೆ ವರ್ಗ ಮಾಡಲಾಗಿತ್ತು.

1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಯುದ್ಧ ನಡೆಯಿತು. ಸೋಲಿನ ನಂತರ ವೆಂಕಟಪ್ಪ ನಾಯಕರು ಹೈದರಾಬಾದಿಗೆ ಹೋದರು, ಅಲ್ಲಿ ಸೆರೆಯಾದರು. ಟೇಲರ್ ಸೆರೆಯಲ್ಲಿ ಅವರನ್ನು ಕಂಡರು. ಜೊತೆಗಿದ್ದವರ ಹೆಸರು ಹೇಳಲು ರಾಜರು ಒಪ್ಪಲಿಲ್ಲವೆಂದು ಟೇಲರ್ ಅವರೇ ಬರೆದಿದ್ದಾರೆ. ಮರಣದಂಡನೆ ಕಡಿಮೆಯಾಗಿ ಸೆರೆವಾಸವಾಯಿತು. ಚೆಂಗಲ್ಪಟ್ಟಿನ ಕಡೆಗೆ ಕರೆದೊಯ್ಯುವ ದಾರಿಯಲ್ಲಿ ಗುಂಡು ತಗುಲಿ ರಾಜರು ಸತ್ತರು. ಅದು ಅವರ ಕೈಯಿಂದಲೇ ಆದದ್ದು ಎಂಬುದು ಟೇಲರ್ ಹೇಳಿದ ರೀತಿ. ಕೊಲೆ ಎಂದು ನಂಬುವವರು ನಮ್ಮಲ್ಲಿ ಇದ್ದಾರೆ. ಸಂಸ್ಥಾನ ಹೋಯಿತು. ಅದರ ಆಡಳಿತ ನೋಡಿಕೊಳ್ಳಲು ಬಂದವರು ಮತ್ತೆ ಟೇಲರ್ ಅವರೇ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮರಿಗೆ ಕೊಟ್ಟರು.

ಮಕ್ಕಳ ಪ್ರಶ್ನೆ ಇಲ್ಲಿಯೇ ಬಂತು. ತನ್ನನ್ನು ಅಪ್ಪಾ ಎಂದು ಕರೆದ ಹುಡುಗನ ರಾಜ್ಯ ಕಳೆದವರ ಜೊತೆ ಇದ್ದವರನ್ನು ನಾವೇಕೆ ಓದಬೇಕು ಎಂದು ಹಿಂದಿನ ಬೆಂಚಿನ ವಿದ್ಯಾರ್ಥಿನಿ ಕೇಳಿದಳು. ಗಣಿತದ ಅವಧಿ ಇದು ಎಂದು ಹೇಳಿ ನಾನು ಮುಂದೆ ಹೋಗಬಹುದಿತ್ತು. ಆದರೆ ಆ ಹುಡುಗಿ ಕೇಳಿದ್ದು ಗಣಿತದ್ದೇ ಪ್ರಶ್ನೆ: ಸೊನ್ನೆ ಎಲ್ಲಿ ಇಟ್ಟು ಎಣಿಸುತ್ತೀರಿ ಎಂದು.

ಕಪ್ಪು ಹಲಗೆಯ ಮೇಲೆ ಎರಡು ಸಂಖ್ಯೆ ಬರೆದೆ. ರಂಗಂಪೇಟೆ ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶ, 76.8 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಅಕ್ಷಾಂಶದ ಸೊನ್ನೆ ಭೂಮಧ್ಯರೇಖೆ, ಅದನ್ನು ಭೂಮಿಯ ತಿರುಗುವಿಕೆಯೇ ಗೊತ್ತುಮಾಡಿದೆ. ರೇಖಾಂಶದ ಸೊನ್ನೆಯನ್ನು ಮನುಷ್ಯರು ಗೊತ್ತುಮಾಡಿದರು. ಲಂಡನ್ನಿನ ಗ್ರೀನಿಚ್ ಎಂದು 1884ರಲ್ಲಿ ವಾಷಿಂಗ್ಟನ್ನಿನ ಸಮ್ಮೇಳನ ಒಪ್ಪಿಕೊಂಡಿತು. ಅದಕ್ಕೂ ಬಹಳ ಹಿಂದೆ ನಮ್ಮ ಜ್ಯೋತಿರ್ವಿದರು ಉಜ್ಜಯಿನಿಯಿಂದ ಎಣಿಸುತ್ತಿದ್ದರು. ಆ ಎಣಿಕೆಯಲ್ಲಿ ರಂಗಂಪೇಟೆ ಹೆಚ್ಚುಕಡಿಮೆ 1 ಡಿಗ್ರಿ ಪೂರ್ವ. ಊರು ಎಲ್ಲಿಗೂ ಹೋಗಲಿಲ್ಲ.

ಟೇಲರ್ ಅವರನ್ನೂ ಹೀಗೆ ಎರಡು ಕಡೆಯಿಂದ ನೋಡಬೇಕು ಎಂದು ಹೇಳಿದೆ. ಲಂಡನ್ನಿನಿಂದ ಎಣಿಸಿದರೆ ಅವರು ಒಳ್ಳೆಯ ಆಡಳಿತಗಾರ, ದಯಾಳು, ಹೆಸರುವಾಸಿ ಲೇಖಕ. ಸುರಪುರದಿಂದ ಎಣಿಸಿದರೆ ಕೆರೆ, ಲೆಕ್ಕ, ಪ್ರೀತಿ ಎಲ್ಲವೂ ಇದ್ದರೂ ಸಂಸ್ಥಾನದ ಕೊನೆಯಲ್ಲಿ ಆಳುವವರ ಪಕ್ಕದಲ್ಲಿ ನಿಂತವರು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಒಂದೇ ಸಂಖ್ಯೆ ಕೊಟ್ಟು ದೀಪ ಹುಡುಕಲು ಹೇಳಿದಂತೆ. ಸಾಲು ಸಿಗುತ್ತದೆ, ದೀಪ ಸಿಗುವುದಿಲ್ಲ.

ಕೊನೆಯ ವರ್ಷಗಳು

ಆರೋಗ್ಯ ಕೆಟ್ಟು 1860ರಲ್ಲಿ ಟೇಲರ್ ಭಾರತ ಬಿಟ್ಟರು. ತಾರಾ, ರಾಲ್ಫ್ ಡಾರ್ನೆಲ್, ಸೀತಾ ಎಂಬ ಕಾದಂಬರಿಗಳನ್ನು ಬರೆದರು. 1870ರಲ್ಲಿ ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸದ ಕೈಪಿಡಿ ಹೊರತಂದರು. ಚಾಂದ್ ಬೀಬಿಯ ಕಥೆಯುಳ್ಳ ಕಾದಂಬರಿ ಅವರು ತೀರಿಕೊಂಡ ಮೇಲೆ ಪ್ರಕಟವಾಯಿತು. 1875ರಲ್ಲಿ ಸಾಲಾರ್ ಜಂಗ್ ಅವರ ಆಹ್ವಾನದ ಮೇಲೆ ಮತ್ತೊಮ್ಮೆ ಹೈದರಾಬಾದಿಗೆ ಬಂದರು. ಆ ಹೊತ್ತಿಗೆ ದೃಷ್ಟಿ ಹೋಗುತ್ತಿತ್ತು. ಕಲ್ಲಿನ ಸಾಲುಗಳನ್ನು ಅಷ್ಟು ಗಮನವಿಟ್ಟು ನೋಡಿದ ಕಣ್ಣುಗಳು ಕೊನೆಗೆ ಕಾಣದಾದವು. ಊರಿಗೆ ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡರು. ಮರುವರ್ಷ ಅವರ ಮಗಳು ತಂದೆಯ ಆತ್ಮಕಥೆಯನ್ನು ಪ್ರಕಟಿಸಿದರು.

ಸಹಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ನೀವೂ ಮಾಡುವುದಾದರೆ ಕೆಲವು ಸಲಹೆಗಳು. ಒಂದನೆಯದಾಗಿ, ದೀಪದ ಫಲಕ ತೋರಿಸುವ ಮೊದಲು ನೆಲದ ಮೇಲೆ ಸುಣ್ಣದಿಂದ 5 × 5 ಚೌಕ ಹಾಕಿ, ಮಕ್ಕಳನ್ನೇ ದೀಪಗಳಂತೆ ನಿಲ್ಲಿಸಿ ವಿಳಾಸ ಕೂಗಿ. ವಿಳಾಸ ಕೇಳಿದವರು ಕೈ ಎತ್ತಲಿ. ಎರಡನೆಯದಾಗಿ, ಫಲಕದ ಸೊನ್ನೆ ಮೇಲೆ ಇದೆ, ಗ್ರಾಫಿನ ಸೊನ್ನೆ ಕೆಳಗೆ ಇದೆ ಎಂಬುದನ್ನು ನೀವೇ ಹೇಳಿಬಿಡಬೇಡಿ. ಓರೆ ಗೆರೆ ಉಲ್ಟಾ ಬಂದಾಗ ಮಕ್ಕಳು ಕೇಳುತ್ತಾರೆ. ಆಗ ಅವರಿಂದಲೇ ಕಳೆಯುವ ಲೆಕ್ಕ ಹೊರಡಿಸಿ. ಮೂರನೆಯದಾಗಿ, ಮೌಲ್ಯಮಾಪನಕ್ಕೆ ಪುಸ್ತಕದ ಪ್ರಶ್ನೆಗಳ ಜೊತೆಗೆ ಊರಿನ ಒಂದು ಗುಡಿ, ಒಂದು ಬಾವಿ, ಒಂದು ಹಳೆಯ ಕಲ್ಲನ್ನು ಚೌಕದ ಹಾಳೆಯ ಮೇಲೆ ಗುರುತಿಸಲು ಕೊಡಿ. ಮೂಲಬಿಂದುವನ್ನು ಮಕ್ಕಳೇ ಆರಿಸಲಿ, ಆದರೆ ಹಾಳೆಯ ಮೂಲೆಯಲ್ಲಿ ಅದು ಯಾವುದೆಂದು ಬರೆದಿರಲಿ.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ತನ್ನ ಹಾಳೆಯಲ್ಲಿ ಸೊನ್ನೆಯನ್ನು ಟೇಲರ್ ಮಂಜಿಲ್ ಮೇಲೆ ಇಡಲಿಲ್ಲ, ಅರಮನೆಯ ಮೇಲೂ ಇಡಲಿಲ್ಲ. ರಂಗಂಪೇಟೆಯ ತನ್ನ ಮನೆಯ ಬಾಗಿಲಿಗೆ ಇಟ್ಟಳು. ಅಲ್ಲಿಂದ ಎರಡನ್ನೂ ಎಣಿಸಿ, ಎರಡರ ವಿಳಾಸವನ್ನೂ ಸರಿಯಾಗಿ ಬರೆದಿದ್ದಳು. ನಾನು ಪೂರ್ಣ ಅಂಕ ಕೊಟ್ಟೆ.